ಮೀನಿನ ಮೇಲೆ ಐಸ್ ಕ್ರೀಂ

ಮೀನು ತಿಂದ ಬಾಯಿಗೆ ಹಾಲು ಕೂಡದು, ಕುಡಿದರೆ ತೊನ್ನು ಬರುವುದು—ಮೀನು ತಿನ್ನುವ ಮನೆಗಳಲ್ಲಿ ಹುಟ್ಟಿ ಬೆಳೆದು ಈ ಮಾತನ್ನು ಕೇಳದವರು ವಿರಳ. ಮೀನನ್ನು ಮುಟ್ಟದವರಿಗೂ ಇದು ಗೊತ್ತಿರುವ ಮಾತೇ. ಅಜ್ಜಿಯರ ಕಾಲದಲ್ಲಿ ಈ ನಿಷೇಧವನ್ನು ಪಾಲಿಸುವುದು ಕಷ್ಟವಾಗಿರಲಿಲ್ಲ. ಮೀನಿನ ಸಾರು ಮಾಡಿದ ರಾತ್ರಿ ಮಕ್ಕಳ ಕೈಗೆ ಹಾಲಿನ ಲೋಟ ಕೊಡದಿದ್ದರೆ ತೀರಿತು. ಆದರೆ ಇಂದು ಪ್ರಶ್ನೆ ಬೇರೊಂದು ರೂಪವನ್ನು ತಾಳಿ, ಊಟದ ಕಡೆಯಲ್ಲಿ, ತಣ್ಣಗೆ, ಬಣ್ಣಬಣ್ಣವಾಗಿ ನಮ್ಮೆದುರು ಬಂದು ಕೂಡುತ್ತದೆ.

ನ್ಯಾಮತಿಯನ್ನೇ ತೆಗೆದುಕೊಳ್ಳೋಣ. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಈ ಊರು ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಶಿವಮೊಗ್ಗೆಗೆ ಹತ್ತಿರ; ಒಂದು ಮಗ್ಗುಲಲ್ಲಿ ಮಲೆನಾಡಿನ ಸೆರಗು, ಇನ್ನೊಂದು ಮಗ್ಗುಲಲ್ಲಿ ಬಯಲು. ಸಮುದ್ರ ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಸಹ್ಯಾದ್ರಿ. ಈ ಸೀಮೆಯಲ್ಲಿ ಮೀನೆಂದರೆ ಬಹುಕಾಲ ಕೆರೆಯ ಮೀನು ಅಥವಾ ತುಂಗಭದ್ರೆಯ ಮೀನು. ಈಗಲಾದರೋ ಇಂಥ ಊರುಗಳ ಹೆದ್ದಾರಿಯ ಬದಿಯಲ್ಲಿ ಕರಾವಳಿಯ ಮೀನೂಟವೆಂಬ ಹಲಗೆ ಹೊತ್ತ ಸಣ್ಣ ಹೋಟೆಲುಗಳು ಅಪರೂಪವಲ್ಲ. ಬಂಗಡೆಯ ಸಾರು, ರವೆಯಲ್ಲಿ ಹೊರಳಿಸಿ ಹುರಿದ ಕಾಣೆ, ಕಡೆಗೆ ಮೂಲೆಯ ಶೀತಪೆಟ್ಟಿಗೆಯಿಂದ ಒಂದು ಬಟ್ಟಲು ಐಸ್ ಕ್ರೀಂ. ಕಾಲೇಜಿನ ಹುಡುಗರ ಮೇಜಿನಲ್ಲಿ ಈ ಬಟ್ಟಲು ಬಂದೊಡನೆ ಚರ್ಚೆ ಏಳುವುದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇವೆ. ಒಬ್ಬನು ಅಜ್ಜಿಯ ಮಾತನ್ನು ನೆನೆದು ಬಟ್ಟಲನ್ನು ದೂರ ಸರಿಸುತ್ತಾನೆ. ಇನ್ನೊಬ್ಬನು ಇದೆಲ್ಲ ಮೂಢನಂಬಿಕೆಯೆನ್ನುತ್ತಾನೆ, ಆದರೆ ಏಕೆಂದು ಕೇಳಿದರೆ ಹೇಳಲಾರ. ಇವರ ವಾದ ಮುಗಿಯುವಷ್ಟರಲ್ಲಿ ಮೂರನೆಯವನು ಇಬ್ಬರ ಪಾಲನ್ನೂ ಮುಗಿಸಿರುತ್ತಾನೆ.

ವಾದ ನಗೆಯಲ್ಲಿ ಮುಗಿದರೂ ಅದರ ಹಿಂದಿರುವ ವಿಷಯ ನಗುವಂಥದಲ್ಲ. ಚರ್ಮದ ಮೇಲೆ ಬಿಳಿಯ ಮಚ್ಚೆ ಮೂಡಿದ ಒಬ್ಬ ಹುಡುಗಿಯನ್ನು “ಏನನ್ನು ತಿಂದೆ?” ಎಂದು ಕೇಳುವ ಸಮಾಜ, ಆ ಮಚ್ಚೆಯನ್ನು ಅವಳ ತಪ್ಪೆಂದು ತೀರ್ಮಾನಿಸಿದಂತೆಯೇ. ಆದುದರಿಂದ ಈ ಮಾತನ್ನು ಬುಡದಿಂದ ಪರೀಕ್ಷಿಸುವುದು ಉಚಿತ.

ಮಾತಿನ ಮೂಲ

ಇದು ಅಜ್ಜಿಯರು ಕಟ್ಟಿದ ಕಥೆಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ವಿರುದ್ಧಾಹಾರದ ವಿಚಾರ ಬರುತ್ತದೆ. ಅಲ್ಲಿ ಕೊಟ್ಟಿರುವ ಮೊದಲ ಉದಾಹರಣೆಗಳಲ್ಲಿ ಹಾಲಿನೊಡನೆ ಮೀನು ಒಂದು. ಕಾರಣವನ್ನೂ ಹೇಳಿದೆ: ಎರಡೂ ಮಧುರರಸದವು, ಆದರೆ ಹಾಲು ಶೀತವೀರ್ಯ, ಮೀನು ಉಷ್ಣವೀರ್ಯ, ಕೂಡಿದರೆ ರಕ್ತವನ್ನು ಕೆಡಿಸಿ ದೇಹದ ಮಾರ್ಗಗಳನ್ನು ತಡೆಯುವುವು. ರಕ್ತ ಕೆಟ್ಟರೆ ಚರ್ಮರೋಗವೆಂಬುದು ಆ ಕಾಲದ ತಿಳಿವಳಿಕೆಯಾದ್ದರಿಂದ ಮೀನು, ಹಾಲು, ತೊನ್ನು ಮೂರೂ ಒಂದೇ ಸರಪಳಿಯ ಕೊಂಡಿಗಳಾದುವು. ಸೂಕ್ಷ್ಮದರ್ಶಕವಿಲ್ಲದ, ಜೀವಕೋಶದ ಕಲ್ಪನೆಯಿಲ್ಲದ ಕಾಲದಲ್ಲಿ ಕಣ್ಣಿಗೆ ಕಂಡುದನ್ನು ಒಂದು ಕ್ರಮಕ್ಕೆ ತರಲು ಮಾಡಿದ ಪ್ರಯತ್ನವಿದು. ಇದನ್ನು ಹಾಸ್ಯಮಾಡುವುದು ನಮಗೆ ಒಪ್ಪಿಗೆಯಿಲ್ಲ. ತೊನ್ನಿಗೆ ಬಾಕುಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವ ಚಿಕಿತ್ಸೆಯೂ ಇದೇ ಪರಂಪರೆಯದು. ನಮ್ಮ ಕಡೆ ಬಾವಂಚಿಯೆನ್ನುವ ಈ ಗಿಡದ ಬೀಜದಲ್ಲಿ ಸೋರಲೆನ್ ಎಂಬ ಪದಾರ್ಥವಿದೆ. ಅದು ಚರ್ಮವನ್ನು ಸೂರ್ಯನ ಅತಿನೇರಳೆ ಕಿರಣಗಳಿಗೆ ಸೂಕ್ಷ್ಮವಾಗಿ ಮಾಡಿ, ಅಳಿದುಳಿದ ವರ್ಣಕೋಶಗಳನ್ನು ಎಚ್ಚರಿಸುವುದು. 1940ರ ದಶಕದಲ್ಲಿ ಕೈರೋ ನಗರದ ವೈದ್ಯ ಎಲ್ ಮೊಫ್ಟಿಯವರು ನೈಲ್ ದಂಡೆಯ ಬೇರೊಂದು ಗಿಡದಿಂದ ತೆಗೆದ ಇಂಥದೇ ಪದಾರ್ಥದಿಂದ ತೊನ್ನಿಗೆ ಚಿಕಿತ್ಸೆ ನಡೆಸಿ, ಆಧುನಿಕ ಬೆಳಕಿನ ಚಿಕಿತ್ಸೆಗೆ ದಾರಿಮಾಡಿದರು. (ಬಾಕುಚಿಯನ್ನು ಮನೆಯಲ್ಲಿಯೇ ಅರೆದು ಹಚ್ಚುವ ಸಾಹಸ ಬೇಡ, ಬಿಸಿಲಿನಲ್ಲಿ ಚರ್ಮ ಸುಟ್ಟು ಬೊಬ್ಬೆಯೇಳುವುದುಂಟು.)

ನಮ್ಮಲ್ಲಿ ಮಾತ್ರವೇ ಈ ನಿಷೇಧವೂ ಅಲ್ಲ. ಯೆಹೂದ್ಯರ ಕೆಲವು ಪಂಗಡಗಳಲ್ಲಿ ಮೀನನ್ನೂ ಹಾಲನ್ನೂ ಕೂಡಿಸಿ ತಿನ್ನುವುದಿಲ್ಲ. ಆದರೆ ಸ್ಕಾಟ್ಲೆಂಡಿನವರು ಹೊಗೆಯಾಡಿಸಿದ ಮೀನನ್ನು ಹಾಲಿನಲ್ಲಿಯೇ ಬೇಯಿಸಿ ಸಾರು ಮಾಡುತ್ತಾರೆ. ಅಮೆರಿಕದ ಈಶಾನ್ಯ ತೀರದವರು ಚಿಪ್ಪುಮೀನನ್ನು ಕೆನೆಹಾಲಿನಲ್ಲಿ ಕುದಿಸುತ್ತಾರೆ. ವಂಗದೇಶದಲ್ಲಿ ಮೊಸರಿನ ಮೀನು ಮದುವೆಯ ಊಟಕ್ಕೂ ಸಲ್ಲುವ ಭಕ್ಷ್ಯ.

ಜಠರದಲ್ಲಿ ನಡೆಯುವುದಾದರೂ ಏನು? ಹಾಲಿನ ಕೇಸೀನ್ ಎಂಬ ಪ್ರೋಟೀನು ಅಲ್ಲಿಯ ಆಮ್ಲದಲ್ಲಿ ಒಡೆದು ಗಟ್ಟಿಯಾಗುತ್ತದೆ. ಹಾಲು ಒಡೆಯಿತೆಂದು ಹೆದರಬೇಕಾಗಿಲ್ಲ. ಮೀನಿರಲಿ ಬಿಡಲಿ, ಕುಡಿದ ಹಾಲೆಲ್ಲವೂ ಹೊಟ್ಟೆಯಲ್ಲಿ ಒಡೆಯಲೇಬೇಕು. ಬಳಿಕ ಪೆಪ್ಸಿನ್ ಮೊದಲಾದ ಕಿಣ್ವಗಳು ಹಾಲಿನ ಪ್ರೋಟೀನನ್ನೂ ಮೀನಿನ ಪ್ರೋಟೀನನ್ನೂ ಕತ್ತರಿಸಿ ಅಮೈನೋ ಆಮ್ಲಗಳೆಂಬ ಬಿಡಿ ಇಟ್ಟಿಗೆಗಳನ್ನಾಗಿ ಮಾಡುವುವು. ಕರುಳು ಹೀರಿಕೊಳ್ಳುವುದು ಬಹುಮಟ್ಟಿಗೆ ಈ ಇಟ್ಟಿಗೆಗಳನ್ನು. ಇಟ್ಟಿಗೆಯ ಮೇಲೆ ಅದು ಮಲ್ಪೆಯಿಂದ ಬಂದಿತೋ ಹಟ್ಟಿಯಿಂದ ಬಂದಿತೋ ಎಂಬ ಮುದ್ರೆ ಇರುವುದಿಲ್ಲ.

ಘಟ್ಟ ಹತ್ತಿದ ಮೀನು

ಹಾಗಾದರೆ ಮೀನೂಟದ ಮೇಲೆ ಐಸ್ ಕ್ರೀಂ ತಿಂದವರಿಗೆ ಒಮ್ಮೊಮ್ಮೆ ಮೈ ಕೆಂಪಾಗಿ ತುರಿಕೆಯೇಳುವುದು, ವಾಂತಿಯಾಗುವುದು ಸುಳ್ಳೇ? ಸುಳ್ಳಲ್ಲ. ಆದರೆ ಅಪರಾಧಿ ಬೇರೆ. ಅವನನ್ನು ಹಿಡಿಯಬೇಕಾದರೆ ಮೀನು ಬಂದ ದಾರಿಯನ್ನು ಹಿಂಬಾಲಿಸಬೇಕು.

ಮಲ್ಪೆಯ ಬಂದರಿನಲ್ಲಿ ಇಳಿದ ಬಂಗಡೆ ಆಗುಂಬೆ, ಹುಲಿಕಲ್ ಮೊದಲಾದ ಘಟ್ಟಗಳಲ್ಲೊಂದನ್ನು ಹತ್ತಿ, ಶಿವಮೊಗ್ಗೆಯನ್ನು ದಾಟಿ ನ್ಯಾಮತಿಯ ಬಾಣಲೆಗೆ ಬೀಳುತ್ತದೆ. ಬಂಗಡೆ, ಬೂತಾಯಿ, ಅಂಜಲ್ ಮುಂತಾದ ವೇಗವಾಗಿ ಈಜುವ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಜೀವಂತ ಮೀನಿನಲ್ಲಿ ಇದರಿಂದ ಕೇಡಿಲ್ಲ. ಮೀನು ಸತ್ತು ಬೆಚ್ಚಗೆ ಬಿದ್ದಿದ್ದರೆ, ಕಿವಿರು ಮತ್ತು ಕರುಳಿನಲ್ಲಿದ್ದ ಸೂಕ್ಷ್ಮಜೀವಿಗಳು ಮಾಂಸಕ್ಕೆ ಹಬ್ಬಿ ಹಿಸ್ಟಿಡೀನನ್ನು ಹಿಸ್ಟಮೀನ್ ಆಗಿ ಬದಲಾಯಿಸುವುವು. ಹಿಸ್ಟಮೀನ್ ನಮ್ಮ ದೇಹಕ್ಕೆ ಅಪರಿಚಿತವಲ್ಲ. ಸೊಳ್ಳೆ ಕಚ್ಚಿದಲ್ಲಿ ಗಂಧೆಯೆಬ್ಬಿಸಿ ತುರಿಸುವುದು ಅದೇ. ಅದನ್ನು ತಟ್ಟೆಯಿಂದಲೇ ಸಾಕಷ್ಟು ನುಂಗಿದರೆ ಕೆಲವು ನಿಮಿಷಗಳಲ್ಲಿ, ಅಥವಾ ಒಂದೆರಡು ಗಂಟೆಗಳೊಳಗೆ, ಮುಖ ಕುತ್ತಿಗೆಗಳು ಕೆಂಪೇರುವುವು, ತಲೆ ಸಿಡಿಯುವುದು, ಎದೆ ಹೊಡೆದುಕೊಳ್ಳುವುದು, ಮೈತುಂಬ ಗಂಧೆ, ಕೆಲವರಿಗೆ ವಾಂತಿ, ಭೇದಿ. ಸಾಮಾನ್ಯವಾಗಿ ಒಂದು ದಿನದೊಳಗೆ ಇದು ಇಳಿಯುತ್ತದೆ. ಹಿಸ್ಟಮೀನ್ ವಿರೋಧಿ ಮಾತ್ರೆ ಶೀಘ್ರ ಉಪಶಮನ ಕೊಡುತ್ತದೆ. ಉಸಿರು ಕಟ್ಟಿದಂತಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಈ ವಿಷದ ಕುಹಕವೇನೆಂದರೆ, ಅಡುಗೆ ಅದನ್ನು ಅಳಿಸಲಾರದು. ಸೂಕ್ಷ್ಮಜೀವಿಗಳು ಬಾಣಲೆಯಲ್ಲಿ ಸಾಯುವುವು, ಅವು ಬಿಟ್ಟುಹೋದ ಹಿಸ್ಟಮೀನ್ ಸಾಯುವುದಿಲ್ಲ. ಹುರಿದರೂ, ಕುದಿಸಿದರೂ, ಬಳಿಕ ಹೆಪ್ಪುಗಟ್ಟಿಸಿದರೂ ಅದು ಇದ್ದಂತೆಯೇ ಇರುವುದು. ವಾಸನೆಯಿಂದಲೂ ತಿಳಿಯದು, ಕಿಲೋಗ್ರಾಮಿಗೆ 200 ಮಿಲಿಗ್ರಾಮೆಂಬ ಅಂತರರಾಷ್ಟ್ರೀಯ ಮಿತಿಯನ್ನು ದಾಟಿದ ಮೀನು ಮೂಗಿಗೆ ಸಾಧಾರಣವಾಗಿಯೇ ತೋರಬಹುದು. ತಿನ್ನುವಾಗ ನಾಲಗೆಯ ಮೇಲೆ ಮೆಣಸಿನಂಥ ಚುರುಕು ಕಂಡರೆ ಅದೊಂದು ಸೂಚನೆ. ಆದರೆ ನಮ್ಮ ಮೀನಿನ ಸಾರಿನಲ್ಲಿ ಬ್ಯಾಡಗಿ ಮೆಣಸಿನ ನಡುವೆ ಈ ಸೂಚನೆಯನ್ನು ಗುರುತಿಸುವ ನಾಲಗೆ ಯಾರಿಗಿದೆ?

ಇದಕ್ಕೆ ಇರುವ ಮದ್ದು ಒಂದೇ: ಹಿಡಿದ ಕ್ಷಣದಿಂದ ಒಲೆಯವರೆಗೆ ತಣ್ಣಗಿಡುವುದು. ಸುಮಾರು 4 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಈ ಸೂಕ್ಷ್ಮಜೀವಿಗಳ ಆಟ ಬಹುಮಟ್ಟಿಗೆ ನಿಲ್ಲುವುದು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರು ನಮ್ಮೊಡನೆ ಮಾಡಬೇಕು. 28 ಡಿಗ್ರಿಯಲ್ಲಿರುವ 10 ಕಿಲೋಗ್ರಾಂ ಮೀನನ್ನು ಸೊನ್ನೆ ಡಿಗ್ರಿಗೆ ಇಳಿಸಬೇಕು. ಮೀನಿನ ವಿಶಿಷ್ಟೋಷ್ಣ ಸುಮಾರು 0.8; ತೆಗೆಯಬೇಕಾದ ಶಾಖ 10ನ್ನು 0.8ರಿಂದಲೂ 28ರಿಂದಲೂ ಗುಣಿಸಿದಷ್ಟು, ಎಂದರೆ 224 ಕಿಲೋ ಕ್ಯಾಲೊರಿ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ ಹೀರುವ ಗುಪ್ತೋಷ್ಣ 80 ಕಿಲೋ ಕ್ಯಾಲೊರಿ. ಆದುದರಿಂದ ಮೂರು ಕಿಲೋಗ್ರಾಮಿಗೆ ತುಸು ಕಡಮೆ ಮಂಜು ಸಾಕೆಂದಾಯಿತು. ಕಾಗದದ ಮೇಲೆ ಇದು ಸರಿ. ಪೆಟ್ಟಿಗೆಯ ಗೋಡೆಯಿಂದ, ಘಟ್ಟದ ಕೆಳಗಿನ ಸೆಕೆಯಿಂದ, ಪದೇ ಪದೇ ಮುಚ್ಚಳ ತೆಗೆಯುವ ವ್ಯಾಪಾರಿಯ ಕೈಯಿಂದ ಒಳನುಗ್ಗುವ ಶಾಖಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಉಷ್ಣವಲಯದ ದೇಶಗಳಲ್ಲಿ ಮೀನಿನ ತೂಕಕ್ಕೆ ಸಮತೂಕದ ಮಂಜು ಹಾಕಬೇಕೆಂದು ಮತ್ಸ್ಯತಜ್ಞರು ಹೇಳುವುದು ಇದಕ್ಕಾಗಿಯೇ. ಮೀನಿನ ಜೊತೆಗೆ ಅಷ್ಟೇ ತೂಕದ ಗಡ್ಡೆಯನ್ನೂ ಘಟ್ಟ ಹತ್ತಿಸಲು ಖರ್ಚು ತಗಲುತ್ತದೆ. ಉಳಿತಾಯದ ಆಸೆ ಹುಟ್ಟುವುದು ಅಲ್ಲಿಯೇ.

ಕಾಣೆ, ಸಿಗಡಿಗಳಲ್ಲಿ ಹಿಸ್ಟಮೀನಿನ ಭಯ ತೀರ ಕಡಮೆ. ಸಿಗಡಿಗೆ ಬೇರೆಯ ಭಯವುಂಟು: ಕೆಲವರ ದೇಹವು ಅದರ ಟ್ರೋಪೊಮಯೋಸಿನ್ ಎಂಬ ಪ್ರೋಟೀನನ್ನು ಶತ್ರುವೆಂದೆಣಿಸಿ ಅಲರ್ಜಿ ತೋರಿಸುವುದು. ಅಂಥವರು ಸಿಗಡಿಯನ್ನೇ ಬಿಡಬೇಕು. ಐಸ್ ಕ್ರೀಮನ್ನು ಬಿಟ್ಟು ಸಿಗಡಿಯನ್ನು ತಿಂದರೆ ಪ್ರಯೋಜನವಿಲ್ಲ.

ಮೀನಿನ ವಾಸನೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡೋಣ. ಉಪ್ಪುನೀರಿನಲ್ಲಿ ಬಾಳುವ ಮೀನು ತನ್ನ ದೇಹದ ನೀರನ್ನು ಕಡಲಿಗೆ ಕಳೆದುಕೊಳ್ಳದಿರಲು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಪದಾರ್ಥವನ್ನು ಮಾಂಸದಲ್ಲಿ ಕೂಡಿಟ್ಟಿರುತ್ತದೆ. ಅದಕ್ಕೆ ವಾಸನೆಯಿಲ್ಲ. ಸತ್ತ ಮೇಲೆ ಸೂಕ್ಷ್ಮಜೀವಿಗಳು ಅದರ ಆಕ್ಸಿಜನನ್ನು ಕಿತ್ತುಕೊಂಡರೆ ಉಳಿಯುವ ಟ್ರೈಮೀಥೈಲಮೀನಿಗೆ ನಾವು ಬಲ್ಲ ಆ ನಾತ. ಅದೊಂದು ಕ್ಷಾರ, ನಿಂಬೆ, ಹುಣಿಸೆ, ಪುನರ್ಪುಳಿಗಳ ಆಮ್ಲ ಸೋಕಿದರೆ ಆವಿಯಾಗದ ಲವಣವಾಗಿ ತೆಪ್ಪಗಾಗುವುದು. ಕೆರೆಯ ಮೀನಿನಲ್ಲಿ ಈ ಆಕ್ಸೈಡ್ ಅತ್ಯಲ್ಪ. ಅದರ ಕೆಸರುವಾಸನೆಗೆ ಜಿಯೋಸ್ಮಿನ್ ಎಂಬ ಬೇರೊಂದು ಪದಾರ್ಥ ಕಾರಣ. ಮೊದಲ ಮಳೆ ಬಿದ್ದಾಗ ನ್ಯಾಮತಿಯ ಹೊಲಗಳಿಂದ ಏಳುವ ಮಣ್ಣಿನ ಕಂಪೂ ಅದೇ ಜಿಯೋಸ್ಮಿನ್. ನೆಲದಲ್ಲಿ ನಮಗೆ ಪರಿಮಳ, ಮೀನಿನಲ್ಲಿ ಬೇಡ.

ತೊನ್ನೆಂದರೇನು?

ತೊನ್ನಿನ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ ಗಂಧೆ ಕೆಂಪಾಗಿ, ತುರಿಸಿ, ಮರುದಿನ ಮಾಯವಾಗುವುದು. ತೊನ್ನು ಬಿಳುಪಾಗಿ, ಸಾಮಾನ್ಯವಾಗಿ ತುರಿಸದೆ, ತಿಂಗಳುಗಟ್ಟಲೆ ಮೆಲ್ಲನೆ ಹಬ್ಬುವುದು. ಕೆಟ್ಟ ಮೀನು ತಿಂದು ಚರ್ಮದ ಮೇಲೆ ಗಂಧೆಯೆದ್ದವರ ಅನುಭವವೇ ಮೀನಿಗೂ ಚರ್ಮಕ್ಕೂ ಮೊದಲ ನಂಟನ್ನು ಕಲ್ಪಿಸಿರಬಹುದೆಂದು ನಾವು ಊಹಿಸುತ್ತೇವೆ. ಊಹೆಯೆಂದೇ ವಾಚಕರು ತೆಗೆದುಕೊಳ್ಳಲಿ.

ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಎಂಬ ವರ್ಣಕೋಶಗಳು ಹರಡಿಕೊಂಡಿವೆ. ಅವು ಟೈರೋಸೀನ್ ಎಂಬ ಅಮೈನೋ ಆಮ್ಲದಿಂದ ಮೆಲನಿನ್ ಎಂಬ ಕಪ್ಪುಬಣ್ಣವನ್ನು ತಯಾರಿಸಿ, ನೆರೆಯ ಕೋಶಗಳಿಗೆ ಹಂಚುವುವು. ಕೃಷ್ಣವರ್ಣದವರಿಗೂ ಗೌರವರ್ಣದವರಿಗೂ ಈ ಕೋಶಗಳ ಸಂಖ್ಯೆಯಲ್ಲಿ ಹೆಚ್ಚು ಭೇದವಿಲ್ಲ, ತಯಾರಾಗುವ ಬಣ್ಣದಲ್ಲಿ ಭೇದ. ತೊನ್ನಿನಲ್ಲಿ ಈ ಕೋಶಗಳೇ ನಾಶವಾಗುವುವು. ನಾಶಮಾಡುವವರು ಹೊರಗಿನವರಲ್ಲ, ರೋಗಾಣುಗಳೊಡನೆ ಹೋರಾಡಬೇಕಾದ ನಮ್ಮ ರಕ್ತದ ಟಿ ಕೋಶಗಳು ದಾರಿತಪ್ಪಿ ಸ್ವಂತ ವರ್ಣಕೋಶಗಳ ಮೇಲೆ ಬೀಳುವುವು. ಹೋರಾಟದಲ್ಲಿ ಹೊರಬರುವ ಇಂಟರ್‌ಫೆರಾನ್ ಗಾಮಾ ಎಂಬ ಸಂಜ್ಞಾಪದಾರ್ಥ ಇನ್ನಷ್ಟು ಟಿ ಕೋಶಗಳನ್ನು ಕರೆಯುತ್ತದೆ. ಹೀಗೆ ಮಚ್ಚೆಯ ಅಂಚು ಹಿಗ್ಗುತ್ತ ಹೋಗುವುದು. ಇದೇ ರೀತಿಯ ಒಳಜಗಳ ಥೈರಾಯ್ಡ್ ಗ್ರಂಥಿಯಲ್ಲಿಯೂ ನಡೆಯುವುದುಂಟು. ತೊನ್ನಿರುವವರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯರಿಗಿಂತ ಹೆಚ್ಚಾಗಿ ಕಾಣುವುದು ಇದಕ್ಕೆ ಪುಷ್ಟಿ ಕೊಡುತ್ತದೆ.

ಜಗಳಕ್ಕೆ ಮೊದಲ ಕಿಡಿ ಯಾವುದು? ವಂಶವಾಹಿಗಳ ಪಾಲು ನಿಸ್ಸಂದೇಹ. ಆದರೆ ಅದೊಂದೇ ಸಾಲದು. ಏಕರೂಪಿ ಅವಳಿಗಳ ವಂಶವಾಹಿಗಳು ಒಂದೇ. ಆದರೂ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವಳಿಗಳಲ್ಲಿ ಒಬ್ಬರಿಗೆ ತೊನ್ನಿದ್ದಾಗ ಇನ್ನೊಬ್ಬರಿಗೂ ಇದ್ದುದು ನೂರಕ್ಕೆ 23ರಲ್ಲಿ ಮಾತ್ರ. ಎಂದ ಮೇಲೆ ಹೊರಗಿನದೇನೋ ಇದೆ. ಮೀನುಹಾಲಿನ ಪಕ್ಷದವರು ಇಲ್ಲಿ ಉತ್ಸಾಹಗೊಳ್ಳಬಹುದು, ಸ್ವಲ್ಪ ತಡೆಯಬೇಕು. ಹೊರಗಿನ ಕಾರಣಗಳಲ್ಲಿ ಕೆಲವು ಚೆನ್ನಾಗಿಯೇ ಪತ್ತೆಯಾಗಿವೆ. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕೆಲಸಗಾರರ ಕೈಗಳು ಬೆಳ್ಳಗಾದುವು. ಅವರು ತೊಟ್ಟಿದ್ದ ರಬ್ಬರ್ ಕೈಗವಸಿನಲ್ಲಿದ್ದ, ಹೈಡ್ರೋಕ್ವಿನೋನಿನ ವರ್ಗಕ್ಕೆ ಸೇರಿದ ರಾಸಾಯನಿಕವೊಂದು ವರ್ಣಕೋಶಗಳನ್ನು ಕೊಂದಿತ್ತು. 2013ರಲ್ಲಿ ಜಪಾನಿನಲ್ಲಿ ಚರ್ಮವನ್ನು ಬೆಳ್ಳಗೆ ಮಾಡುವ ಲೇಪಗಳಲ್ಲಿದ್ದ ರೋಡೋಡೆಂಡ್ರಾಲ್ ಸಾವಿರಾರು ಸ್ತ್ರೀಯರ ಮುಖದಲ್ಲಿ ಮಚ್ಚೆಗಳನ್ನು ಮೂಡಿಸಿತು. ನಮ್ಮ ದೇಶದಲ್ಲಿಯಂತೂ ಹಣೆಗೆ ಅಂಟಿಸುವ ಬೊಟ್ಟಿನ ಅಂಟಿನಲ್ಲಿರುವ ಫೀನಾಲಿನ ವರ್ಗದ ಪದಾರ್ಥದಿಂದ ಹುಬ್ಬುಗಳ ನಡುವೆ ದುಂಡಗೆ ಬಿಳಿಕಲೆ ಬೀಳುವುದನ್ನು ಚರ್ಮವೈದ್ಯರು ಬಹಳ ಕಾಲದಿಂದ ಬಲ್ಲರು. ರಬ್ಬರ್ ಚಪ್ಪಲಿಯ ಪಟ್ಟಿಯ ಕೆಳಗೂ ಹಾಗೆಯೇ. ಪದೇ ಪದೇ ಉಜ್ಜಿದ ಅಥವಾ ಗಾಯವಾದ ಎಡೆಯಲ್ಲಿ ಹೊಸ ಮಚ್ಚೆ ಹುಟ್ಟುವುದೂ ಉಂಟು. ಮೀನು ಹಾಲುಗಳನ್ನು ಕೂಡಿಸಿ ತಿಂದುದರಿಂದ ವರ್ಣಕೋಶ ಸಾಯುವುದನ್ನು ಮಾತ್ರ ಯಾರೂ ತೋರಿಸಿಕೊಟ್ಟಿಲ್ಲ.

ಆದರೂ ಮಾತು ಏಕೆ ಸಾಯಲಿಲ್ಲ? ಇದಕ್ಕೆ ಉತ್ತರ ವೈದ್ಯದಲ್ಲಲ್ಲ, ಎಣಿಕೆಯಲ್ಲಿದೆ. ಪ್ರಪಂಚದ ಸರಾಸರಿಯಂತೆ ಸಾವಿರ ಜನರಲ್ಲಿ ಐದರಿಂದ ಹತ್ತು ಮಂದಿಗೆ ತೊನ್ನು ಇದೆ. ಹತ್ತು ಸಾವಿರ ಜನರ ಒಂದು ಊರಿನಲ್ಲಿ ಐವತ್ತರಿಂದ ನೂರು ಮಂದಿಯೆಂದಾಯಿತು. ಇವರಲ್ಲಿ ಮೀನು ತಿನ್ನುವವರನ್ನೆಲ್ಲ ಕರೆದು “ಎಂದಾದರೂ ಮೀನೂಟದ ದಿನ ಹಾಲು, ಚಹಾ, ಮಜ್ಜಿಗೆ ಕುಡಿದಿದ್ದೀರಾ?” ಎಂದು ಕೇಳಿದರೆ ಇಲ್ಲವೆನ್ನುವವರು ಸಿಗುವುದು ಕಷ್ಟ. ಅಲ್ಲಿಗೆ ನಂಬಿಕೆ ನಿಜವಾಯಿತು! ತೊನ್ನಿಲ್ಲದ ಉಳಿದ ಸಾವಿರಾರು ಮಂದಿಗೂ ಅದೇ ಪ್ರಶ್ನೆ ಹಾಕಬೇಕೆಂದು ಯಾರಿಗೂ ತೋರುವುದಿಲ್ಲ. ಜೀವಮಾನದಲ್ಲಿ ಮೀನು ಮುಟ್ಟದ ಮನೆತನಗಳಲ್ಲಿಯೂ ತೊನ್ನು ಇದೆಯೆಂಬುದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಗಳೂರು ಉಡುಪಿಗಳಲ್ಲಿ ಮೀನೂಟ ಮುಗಿಸಿ ನೇರವಾಗಿ ಐಸ್ ಕ್ರೀಂ ಅಂಗಡಿಗೆ ಹೋಗುವುದು ಎಷ್ಟೋ ಕುಟುಂಬಗಳ ಭಾನುವಾರದ ಕ್ರಮ. ಮಾತು ನಿಜವಾಗಿದ್ದರೆ ಆ ತೀರದ ಚರ್ಮದ ಮೇಲೆ ಅದು ಎಂದೋ ಬರೆದಿರಬೇಕಾಗಿತ್ತು.

ತೊನ್ನು ಸುಮಾರು ಅರ್ಧದಷ್ಟು ಮಂದಿಯಲ್ಲಿ 20 ವರ್ಷ ತುಂಬುವುದಕ್ಕೆ ಮುಂಚೆಯೇ ತೋರುವುದು. ಎಂದರೆ ಈ ಲೇಖನವನ್ನು ಓದುತ್ತಿರುವವರ ವಯಸ್ಸು. ಅದು ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಚಮಚದಲ್ಲಿ ಐಸ್ ಕ್ರೀಂ ತಿಂದರೂ ಅಂಟುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಕುಷ್ಠಕ್ಕೆ 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ರೋಗಾಣು ಕಾರಣ. ಅದರ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುವುದು, ತೊನ್ನಿನ ಮಚ್ಚೆಯಲ್ಲಿ ಹತ್ತಿಯ ಎಳೆ ಸೋಕಿದರೂ ತಿಳಿಯುವುದು. ಎರಡನ್ನೂ ಬಿಳಿಯ ರೋಗವೆಂದು ಒಂದೇ ಗಂಟಿಗೆ ಕಟ್ಟಿದ್ದರಿಂದ ಎಷ್ಟು ಮದುವೆಗಳು ಮುರಿದುವೋ ಎಷ್ಟು ಮಕ್ಕಳು ಶಾಲೆ ಬಿಟ್ಟರೋ ಹೇಳಲಾಗದು. (ಕುಷ್ಠವೂ ಈಗ ಔಷಧದಿಂದ ಪೂರ್ಣವಾಗಿ ಗುಣವಾಗುವ ರೋಗ, ಅದು ವಿವಾಹವಿಚ್ಛೇದನಕ್ಕೆ ಕಾರಣವೆಂಬ ಮಾತನ್ನು ನಮ್ಮ ಕಾಯಿದೆಗಳಿಂದ 2019ರಲ್ಲಿ ತೆಗೆದುಹಾಕಲಾಯಿತು.) ತೊನ್ನಿಗೆ ಬೆಳಕಿನ ಚಿಕಿತ್ಸೆಯಿದೆ, ಲೇಪಗಳಿವೆ, ವರ್ಣಕೋಶಗಳನ್ನು ನಾಟಿಹಾಕುವ ಶಸ್ತ್ರಕ್ರಿಯೆಯೂ ಇದೆ. ಇಂಟರ್‌ಫೆರಾನಿನ ಸಂಜ್ಞೆಯನ್ನೇ ತಡೆಯುವ ರಕ್ಸೋಲಿಟಿನಿಬ್ ಎಂಬ ಲೇಪಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇಗ ತೋರಿಸಿಕೊಂಡವರಿಗೆ ಫಲ ಹೆಚ್ಚು. ಪಥ್ಯದ ಹೆಸರಿನಲ್ಲಿ ಮೀನು ಹಾಲು ಎರಡನ್ನೂ ಬಿಡಿಸಿ, ಬೆಳೆಯುವ ಮಗುವಿನ ಪ್ರೋಟೀನನ್ನು ಕಿತ್ತುಕೊಂಡು, ಚರ್ಮವೈದ್ಯರಲ್ಲಿಗೆ ಹೋಗಬೇಕಾಗಿದ್ದ ವರ್ಷವನ್ನು ಕಳೆಯುವುದೇ ಈ ಮಾತಿನಿಂದಾಗುವ ದೊಡ್ಡ ನಷ್ಟವೆಂದು ನಮಗೆ ತೋರುತ್ತದೆ.

ಬಟ್ಟಲಿನ ಕಡೆಗೆ

ಐಸ್ ಕ್ರೀಮಿಗೂ ತನ್ನದೇ ಆದ ದೋಷಗಳುಂಟು. ನಮ್ಮ ದೇಶದ ನಿಯಮದಂತೆ ಐಸ್ ಕ್ರೀಮಿನಲ್ಲಿ ನೂರಕ್ಕೆ ಹತ್ತರಷ್ಟಾದರೂ ಹಾಲಿನ ಕೊಬ್ಬು ಇರಬೇಕು. ಸಸ್ಯಜನ್ಯ ಕೊಬ್ಬಿನದಾದರೆ ಅದನ್ನು ಫ್ರೋಜನ್ ಡೆಸರ್ಟ್ ಎಂದು ಹೆಸರಿಸಬೇಕು. ಹಾಲಿಗೆ ಹೆದರಿ ಬಟ್ಟಲನ್ನು ಸರಿಸುವ ನಮ್ಮ ಮಿತ್ರನು ಒಮ್ಮೆ ಮುಚ್ಚಳದ ಮೇಲಿನ ಅಕ್ಷರಗಳನ್ನು ಓದಿದರೆ, ತಾನು ಹೆದರಿದ್ದು ತಾಳೆಯೆಣ್ಣೆಗೆಂದು ತಿಳಿಯಲೂಬಹುದು!

ಐಸ್ ಕ್ರೀಂ ಒಂದು ಗಟ್ಟಿ ಪದಾರ್ಥವೆಂದು ತೋರಿದರೂ ಅದರ ಪ್ರಮಾಣದಲ್ಲಿ ಅರ್ಧದವರೆಗೂ ಗಾಳಿಯೇ ಇರುವುದುಂಟು. ಉಳಿದುದರಲ್ಲಿ ಸೂಕ್ಷ್ಮವಾದ ಮಂಜಿನ ಹರಳುಗಳು, ಕೊಬ್ಬಿನ ಕಣಗಳು, ಇವೆಲ್ಲವನ್ನೂ ಹಿಡಿದಿರುವ ದಟ್ಟವಾದ ಸಕ್ಕರೆಯ ಪಾಕ. ಪಾಕದ ಒಂದು ಪಾಲು ಶೀತಪೆಟ್ಟಿಗೆಯಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಚಮಚ ಇಳಿಯುವುದು ಅದರಿಂದಲೇ. ವಿದ್ಯುತ್ತು ಎರಡು ಗಂಟೆ ಹೋದರೆ ಸಣ್ಣ ಹರಳುಗಳು ಮೊದಲು ಕರಗುವುವು. ವಿದ್ಯುತ್ತು ಬಂದಾಗ ಆ ನೀರು ಹೊಸ ಹರಳಾಗದೆ, ಉಳಿದ ದೊಡ್ಡ ಹರಳುಗಳ ಮೇಲೆ ಕೂಡುವುದು. ಹೀಗೆ ನಾಲ್ಕಾರು ಸಲವಾದರೆ ನಾಲಗೆಗೆ ಮರಳಿನಂತೆ ಹತ್ತುವ ಐಸ್ ಕ್ರೀಂ ತಯಾರು. ಕುಗ್ಗಿ, ಓರೆಯಾಗಿ, ಮೇಲೆ ಮಂಜಿನ ಪೊರೆ ಕಟ್ಟಿದ ಬಟ್ಟಲು ತಾನು ಕರಗಿ ಮತ್ತೆ ಗಟ್ಟಿಯಾದ ಕಥೆಯನ್ನು ತಾನೇ ಹೇಳುತ್ತದೆ. ಹೆಪ್ಪುಗಟ್ಟಿಸಿದರೆ ಸೂಕ್ಷ್ಮಜೀವಿಗಳು ಸಾಯುವುವೆಂದು ಕೆಲವರು ತಿಳಿದಿದ್ದಾರೆ. ಅನೇಕವು ನಿದ್ರೆಹೋಗುವುವು, ಅಷ್ಟೆ. 1994ರಲ್ಲಿ ಅಮೆರಿಕದಲ್ಲಿ ಹಸಿ ಮೊಟ್ಟೆಯನ್ನು ಸಾಗಿಸಿದ್ದ ತೊಟ್ಟಿವಾಹನಗಳಲ್ಲಿ ಐಸ್ ಕ್ರೀಮಿನ ಮಿಶ್ರಣವನ್ನೂ ತಂದುದರಿಂದ ಸಾಲ್ಮೊನೆಲ್ಲ ಹರಡಿ, ಅಂದಾಜಿನಂತೆ 2,24,000 ಮಂದಿ ಕಾಯಿಲೆ ಬಿದ್ದರು. ಅವರು ತಿಂದ ಐಸ್ ಕ್ರೀಂ ಗಟ್ಟಿಯಾಗಿಯೇ ಇತ್ತು.

ಆದುದರಿಂದ ಮೀನೂ ಐಸ್ ಕ್ರೀಮೂ ತಿಂದವನ ಹೊಟ್ಟೆ ಕೆಟ್ಟರೆ, ಎರಡೂ ಒಳಗೆ ಜಗಳವಾಡಿದುವೆಂದು ತೀರ್ಪು ಕೊಡುವ ಮುನ್ನ, ಎರಡರಲ್ಲಿ ಯಾವುದು ದಾರಿಯಲ್ಲಿ ಬೆಚ್ಚಗಾಗಿತ್ತೆಂದು ವಿಚಾರಿಸಬೇಕು. ನ್ಯಾಮತಿಯಂಥ ಊರಿನಲ್ಲಿ ಎರಡೂ ದೂರದಿಂದ ಬರುವ, ಎರಡೂ ತಣ್ಣಗೆ ಬರಬೇಕಾದ ಪದಾರ್ಥಗಳು. ಮಂಜಿನ ಪ್ರಯಾಣವೇ ಒಂದು ಸೋಜಿಗದ ಚರಿತ್ರೆ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಸರೋವರದಿಂದ ಕೊಯ್ದ 180 ಟನ್ ಮಂಜುಗಡ್ಡೆಯನ್ನು ಹಡಗಿಗೆ ಹೇರಿ ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳು ಉಷ್ಣವಲಯದ ಕಡಲುಗಳನ್ನು ದಾಟಿ ಬಂದಾಗ ಅದರಲ್ಲಿ ಸುಮಾರು 100 ಟನ್ ಉಳಿದಿತ್ತು. ಮದರಾಸಿನ ಕಡಲತೀರದಲ್ಲಿ ಅವನು ಕಟ್ಟಿಸಿದ ಐಸ್ ಹೌಸ್ ಈಗ ವಿವೇಕಾನಂದರ ಸ್ಮಾರಕ.

ಇಷ್ಟೆಲ್ಲ ಕೇಳಿದ ಮೇಲೆ, ತಾಜಾ ಮೀನು ಮತ್ತು ಕರಗದೆ ಬಂದ ಐಸ್ ಕ್ರೀಂ ಸಿಕ್ಕಿದರೆ ಈ ಜೋಡಿ ಏಕೆ ಇಷ್ಟು ಹಿತವೆಂಬುದನ್ನೂ ಹೇಳಬೇಕು. ಮೀನಿನ ಸಾರಿನ ಕಾರವು ರುಚಿಯಲ್ಲ, ನೋವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಗೆಯ ನರತುದಿಗಳಲ್ಲಿರುವ ಒಂದು ಬಾಗಿಲನ್ನು ತೆರೆಯುತ್ತದೆ. ಇದೇ ಬಾಗಿಲು ಸುಮಾರು 43 ಡಿಗ್ರಿಗೆ ಮೇಲಾದ ಶಾಖಕ್ಕೂ ತೆರೆಯುವುದು. ಹೀಗಾಗಿ ಮಿದುಳಿಗೆ ಬಾಯಿ ಸುಡುತ್ತಿದೆಯೆಂಬ ಸುದ್ದಿ ಹೋಗುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು; ಲೋಟಗಟ್ಟಲೆ ನೀರು ಕುಡಿದರೆ ಅದು ಬಾಯಿತುಂಬ ಹರಡುವುದಷ್ಟೆ. ಹಾಲಿನ ಕೇಸೀನೂ ಕೊಬ್ಬೂ ಅದನ್ನು ಹಿಡಿದು ತೊಳೆಯುವುವು, ತಂಪು ಆ ಬಾಗಿಲನ್ನು ಮುಚ್ಚಲು ನೆರವಾಗುವುದು. ಮೀನೂಟದ ಮೇಲೆ ಐಸ್ ಕ್ರೀಂ ಬೇಡುವ ಕರಾವಳಿಯ ನಾಲಗೆ ಶಾಸ್ತ್ರವನ್ನು ಓದದೆಯೇ ಇದನ್ನು ಅರಿತಿತ್ತು. ಹಣ್ಣು, ಬೀಜ, ಜೆಲ್ಲಿಗಳ ನಡುವೆ ಎರಡು ಮೂರು ಬಗೆಯ ಐಸ್ ಕ್ರೀಮನ್ನು ಎತ್ತರದ ಲೋಟದಲ್ಲಿ ಪದರಪದರವಾಗಿ ತುಂಬುವ ಗಡ್‌ಬಡ್ ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಮಂಗಳೂರಿನಲ್ಲಿ 1975ರಲ್ಲಿ ಆರಂಭವಾದ ಐಡಿಯಲ್ ಐಸ್ ಕ್ರೀಂ ಅಂಗಡಿಯೂ ಅದನ್ನು ಮನೆಮಾತಾಗಿಸಿತು.

ನಾಲಗೆಯ ಸಿಹಿಯ ಸುದ್ದಿವಾಹಕಗಳು 15 ಡಿಗ್ರಿಗಿಂತ ತಣ್ಣಗಿದ್ದಾಗ ಮಂಕಾಗಿರುತ್ತವೆ, ಬೆಚ್ಚಗಾದಂತೆ ಚುರುಕಾಗುತ್ತವೆ. ಗಟ್ಟಿಯಾಗಿದ್ದಾಗ ಹಿತವಾಗಿ ಸಿಹಿಯಾದ ಐಸ್ ಕ್ರೀಂ ಕರಗಿದ ಮೇಲೆ ಸಹಿಸಲಾರದಷ್ಟು ಸಿಹಿಯಾಗಿ ತೋರುವುದು ಇದರಿಂದ. ಹಾಗೆಂದು ಕರಗುವುದಕ್ಕೆ ಮುಂಚೆ ಮುಗಿಸಬೇಕೆಂದು ಅವಸರದಿಂದ ನುಂಗಿದರೆ ಹಣೆಯಲ್ಲಿ ಸೂಜಿ ಚುಚ್ಚಿದಂಥ ನೋವು ಏಳುವುದು. ಅಂಗುಳಿನ ರಕ್ತನಾಳಗಳು ತಟ್ಟನೆ ಕುಗ್ಗಿ ಹಿಗ್ಗುವುದರಿಂದ ಹುಟ್ಟಿದ ಸುದ್ದಿಯನ್ನು, ಮುಖದ ನರವೊಂದೇ ಹಣೆಗೂ ಅಂಗುಳಿಗೂ ಹರಡಿರುವ ಕಾರಣ, ಮಿದುಳು ಹಣೆಯಿಂದ ಬಂದಿತೆಂದು ತಪ್ಪಾಗಿ ಓದಿಕೊಳ್ಳುತ್ತದೆ. ಚಮಚವನ್ನು ಕೆಳಗಿಟ್ಟು ನಾಲಗೆಯ ಬೆಚ್ಚನೆಯ ತಳವನ್ನು ಅಂಗುಳಿಗೆ ಒತ್ತಿಹಿಡಿದರೆ, ಒಂದು ನಿಮಿಷ ಕಳೆಯುವುದರೊಳಗೆ ಅದು ಸಾಮಾನ್ಯವಾಗಿ ಇಳಿದುಹೋಗುತ್ತದೆ.